ಹಿಂಬಾಕಿ ಮುಂದಕ್ಕೆ ಬಾರದ ಲೆಕ್ಕ

"ನಿಮ್ಮಪ್ಪನ ದವಾಖಾನಿಗೆ ಒಟ್ಟು ಎಷ್ಟು ಹೋತೋ ತಮ್ಮಾ? ನಿಮ್ಮಣ್ಣ ಬಂದಾನ, ನೋಡಿ ಹೇಳು."

ಲಾತೂರು ಜಿಲ್ಲೆಯ ಶಿರೂರ ಅನಂತಪಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅವ್ವ ಕೇಳಿದ್ದು ಇಷ್ಟೇ. ಅಪ್ಪನ ಕಾಯಿಲೆಯ ಎರಡು ವರ್ಷ ಲಾತೂರು, ಸೋಲಾಪುರ ಎಂದು ಓಡಾಡಿದ ಖರ್ಚನ್ನೆಲ್ಲ ನಾನೇ ಬರೆದಿಟ್ಟಿದ್ದೆ. ಔಷಧದ ಚೀಟಿ, ಗಾಡಿ ಬಾಡಿಗೆ, ರಕ್ತ ಪರೀಕ್ಷೆ, ರಾತ್ರಿ ಉಳಿದುಕೊಂಡ ಲಾಡ್ಜಿನ ದುಡ್ಡು, ಒಂದನ್ನೂ ಬಿಟ್ಟಿರಲಿಲ್ಲ. ಉತ್ತರ ಹೇಳಲು ಅರ್ಧ ನಿಮಿಷ ಸಾಕಾಗಬೇಕಿತ್ತು. ಆದರೆ ಅದರ ಹಿಂದಿನ ವಾರವಷ್ಟೇ ಮನೆಲೆಕ್ಕದ ಪ್ರೋಗ್ರಾಮನ್ನು ಹೊಸ ಆವೃತ್ತಿಗೆ ಏರಿಸಿದ್ದೆ. 'ದವಾಖಾನೆ' ಎಂದು ಹೆಸರಿದ್ದ ಖಾತೆಯ ಜಾಗದಲ್ಲಿ ಖಾಲಿ ಚೌಕಗಳ ಒಂದು ಸಾಲು ಕಾಣಿಸಿತು. ಒತ್ತಿದರೆ ಒಳಗೆ ಏನೂ ಇಲ್ಲ. ಎರಡು ವರ್ಷದ ನಮೂದುಗಳೆಲ್ಲ 'ಇತರೆ' ಎಂಬ ಹೊಸ ಖಾತೆಗೆ ಹೋಗಿ, ಹಾಲಿನ ಬಿಲ್ಲು, ಸೋಯಾ ಬೀಜದ ದುಡ್ಡು, ಮದುವೆಯ ಆಯೇರು ಎಲ್ಲದರ ಜೊತೆ ಬೆರೆತುಬಿದ್ದಿದ್ದವು. ಅಣ್ಣನ ಎದುರು ಅಂದಾಜಿನ ಮೇಲೆ ಒಂದು ಅಂಕಿ ಹೇಳಬೇಕಾಯಿತು. ಅವನು ಒಪ್ಪಿಕೊಂಡ. ನನಗೆ ಮಾತ್ರ ಇವತ್ತಿಗೂ ಆ ಅಂಕಿಯ ಮೇಲೆ ನಂಬಿಕೆಯಿಲ್ಲ.

ಮನೆಲೆಕ್ಕದ ತಂತ್ರಾಂಶಗಳ 'ಮೇಲ್ದರ್ಜೆ' ಎಂಬ ಪ್ರಶ್ನೆಯನ್ನು ನಾನು ಹಿಡಿದು ಕೂತದ್ದು ಆ ಸಂಜೆಯಿಂದ. ಪತ್ರ ಬರೆಯುವ ಪ್ರೋಗ್ರಾಂ ಕೆಟ್ಟರೆ ಪತ್ರವನ್ನು ಮತ್ತೆ ಬರೆಯಬಹುದು. ಲೆಕ್ಕದ ಬೆಲೆ ಇರುವುದೇ ಹಿಂದಿನದರಲ್ಲಿ. ಕಿರ್ದಿ ಬರೆಯುವವನು ಹೊಸ ಪುಟ ತೆಗೆದಾಗ ಮೊದಲು ಬರೆಯುವುದು ಹಿಂದಿನ ಪುಟದ ಶಿಲ್ಕನ್ನು. ಹೊಸ ವಹಿ ತೆಗೆದಾಗ ಮೊದಲು ಇಳಿಸುವುದು ಹಳೆಯ ವಹಿಯ ಹಿಂಬಾಕಿಯನ್ನು. ಈ ಒಂದು ನಿಯಮ ಪಾಲಿಸದ ಮುನೀಮನನ್ನು ಉದಗೀರದ ಧಾನ್ಯಪೇಟೆಯಾದ ಮೊಂಢಾದಲ್ಲಿ ಯಾವ ಅಡತಿ ಅಂಗಡಿಯವರೂ ಎರಡನೇ ದಿನ ಒಳಗೆ ಬಿಡುತ್ತಿರಲಿಲ್ಲ. ಲಕ್ಷಾಂತರ ಮನೆಗಳ ಲೆಕ್ಕ ಹೊರುವ ಪ್ರೋಗ್ರಾಮುಗಳು ಆ ನಿಯಮವನ್ನು ಸಲೀಸಾಗಿ ಮುರಿಯುತ್ತಿವೆ.

ನಮ್ಮ ಈ ಸೀಮೆಗೆ ಲೆಕ್ಕ ಬದಲಿಸುವ ಕಷ್ಟ ಹೊಸದೇನಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಹೋಗಿ, 1982ರಲ್ಲಿ ಲಾತೂರು ಜಿಲ್ಲೆಯಾದಾಗ ಇತ್ತ ಬಂದವು. ಅದಕ್ಕೂ ಮುಂಚೆ ನಿಜಾಮರ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ ನಾಣ್ಯವೇ ಬೇರೆ. ಹೈದರಾಬಾದ್ ಸಂಸ್ಥಾನದ ಉಸ್ಮಾನಿಯಾ ಸಿಕ್ಕಾಕ್ಕೆ ಜನ ಹಾಲಿ ಎನ್ನುತ್ತಿದ್ದರು, ಬ್ರಿಟಿಷ್ ರೂಪಾಯಿಗೆ ಕಲ್ದಾರ. 100 ಕಲ್ದಾರಕ್ಕೆ ಹಾಲಿ 116 ರೂಪಾಯಿ 10 ಆಣೆ 8 ಪೈ, ಎಂದರೆ ಆರು ಕಲ್ದಾರಕ್ಕೆ ಏಳು ಹಾಲಿ. ಸರಕಾರಿ ದಫ್ತರದ ಭಾಷೆ ಉರ್ದು, ವರ್ಷ ಫಸಲಿ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ. ವ್ಯಾಪಾರದ ವಹಿಗಳ ಲಿಪಿ ಮೋಡಿ. ಮನೆಯಲ್ಲಿ ಆಡುವುದು ಕನ್ನಡ, ಮೊಂಢಾದಲ್ಲಿ ಬರೆಯುವುದು ಮೋಡಿಯ ಮರಾಠಿ.

ನಮ್ಮಜ್ಜನ ಒಂದು ವಹಿ ಮನೆಯಲ್ಲಿ ಉಳಿದಿದೆ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ, ನಡುವೆ ದಾರ. ಮೋಡಿ ಓದಬಲ್ಲ ಒಬ್ಬ ಹಿರಿಯರನ್ನು ನಿಲಂಗಾದಲ್ಲಿ ಹುಡುಕಿ ಒಂದು ಪುಟ ಓದಿಸಿದೆ. ಅದರಲ್ಲಿ ಒಂದು ಸಾಲು: ಯಾರಿಂದಲೋ ಬರಬೇಕಾದ ಬಾಕಿ, ಹಾಲಿ 84, ಪಕ್ಕದಲ್ಲೇ ಕಲ್ದಾರ 72. ಹಾಲಿಯಿಂದ ಕಲ್ದಾರಕ್ಕೆ ಬದಲಾದ ವರ್ಷಗಳಲ್ಲಿ ಅಜ್ಜ ಒಂದೊಂದು ಬಾಕಿಯನ್ನೂ ಎರಡೂ ನಾಣ್ಯದಲ್ಲಿ ಬರೆದಿದ್ದಾರೆ. ಹಳೆಯದನ್ನು ಹೊಡೆದುಹಾಕಿಲ್ಲ. ಕೆಲವು ಪುಟಗಳ ನಂತರ ಹಾಲಿ ತಾನಾಗಿ ನಿಂತುಹೋಗುತ್ತದೆ, ಅಷ್ಟರಲ್ಲಿ ಎಲ್ಲ ಖಾತೆಗಳೂ ದಾಟಿ ಬಂದಿರುತ್ತವೆ.

1957ರ ಏಪ್ರಿಲ್ 1ಕ್ಕೆ ದೇಶವೆಲ್ಲ ಆಣೆ ಬಿಟ್ಟು ನಯಾ ಪೈಸೆಗೆ ಬಂದಾಗ ಇನ್ನೊಂದು ದಾಟು. ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯಿತು. ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂಬ ಕೋಷ್ಟಕ ಬಂತು. ಚಿಲ್ಲರೆಯಲ್ಲಿ ಹೋದದ್ದು ಎಷ್ಟು, ಬಂದದ್ದು ಎಷ್ಟು ಎಂಬುದು ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ನಿಯಮ ಕಣ್ಣೆದುರಿಗಿತ್ತು. ಅಂದಿನ ದಾಟಿಗೂ ಇಂದಿನ ದಾಟಿಗೂ ನನಗೆ ಕಾಣುವ ದೊಡ್ಡ ವ್ಯತ್ಯಾಸ ಇದು. ಈಗ ಪ್ರೋಗ್ರಾಂ 'ನಿಮ್ಮ ದತ್ತಾಂಶ ಪರಿವರ್ತನೆಯಾಗುತ್ತಿದೆ' ಎಂದು ಒಂದು ಪಟ್ಟಿ ತೋರಿಸುತ್ತದೆ, ಅದು ತುಂಬಿದ ಮೇಲೆ ಮುಗಿಯಿತು. ಏನನ್ನು ಏನು ಮಾಡಿತು ಎಂದು ಹೇಳುವುದಿಲ್ಲ.

ದೊಡ್ಡ ಹೆಸರುಗಳ ಚರಿತ್ರೆಯನ್ನು ಬೇಗ ನೋಡಿಬಿಡೋಣ. ಅಮೆರಿಕದಲ್ಲಿ ಇಂಟ್ಯೂಟ್ ಕಂಪನಿ 1983ರಲ್ಲಿ ಹುಟ್ಟಿ ಕ್ವಿಕನ್ ತಂದಿತು. 1991ರಲ್ಲಿ ಮೈಕ್ರೋಸಾಫ್ಟ್ ಮನಿ ಎದುರಿಗೆ ನಿಂತಿತು. ಮೈಕ್ರೋಸಾಫ್ಟ್ 2009ರ ಜೂನಿನಲ್ಲಿ ಮನಿ ಮಾರಾಟ ನಿಲ್ಲಿಸಿತು. ಮರುವರ್ಷ 'ಸನ್‌ಸೆಟ್' ಎಂಬ ಕೊನೆಯ ಆವೃತ್ತಿಯನ್ನು ಪುಕ್ಕಟೆ ಕೊಟ್ಟು, ಹಳೆಯ ಕಡತಗಳನ್ನು ತೆರೆಯುವ ದಾರಿಯನ್ನಾದರೂ ಉಳಿಸಿತು. ಹೊರಟುಹೋಗುವವರು ಇಷ್ಟಾದರೂ ಮಾಡಬೇಕು. ಕ್ವಿಕನ್ 2018ರ ಆವೃತ್ತಿಯಿಂದ ವರ್ಷವರ್ಷವೂ ಚಂದಾ ಕಟ್ಟುವ ಪದ್ಧತಿಗೆ ಹೋಯಿತು. ಅಮೆರಿಕದ ನಮ್ಮ ಅನೇಕ ಕುಟುಂಬಗಳಿಗೆ ಪರಿಚಿತವಾಗಿದ್ದ ಮಿಂಟ್ 2024ರ ಮಾರ್ಚಿನಲ್ಲಿ ಮುಚ್ಚಿತು. ಬಳಕೆದಾರರನ್ನು ಅದೇ ಒಡೆತನದ ಕ್ರೆಡಿಟ್ ಕರ್ಮಕ್ಕೆ ಬನ್ನಿ ಎಂದು ಕರೆದರು, ಆದರೆ ಮಿಂಟಿನ ಜೀವವಾಗಿದ್ದ ತಿಂಗಳ ಬಜೆಟ್ ಅಲ್ಲಿರಲಿಲ್ಲ. ಭಾರತದಲ್ಲಿ ಸಣ್ಣ ವ್ಯಾಪಾರಿಗಳು ಬಳಸುತ್ತಿದ್ದ ಕ್ವಿಕ್‌ಬುಕ್ಸ್ 2023ರಲ್ಲಿ ಅಂಗಡಿ ಎತ್ತಿತು.

ನಮ್ಮ ಕಡೆಗೆ ಬಂದರೆ ಮಾತು ಟ್ಯಾಲಿಯಿಂದ ಶುರುವಾಗಬೇಕು. ಅದು ಮನೆಲೆಕ್ಕದ ಪ್ರೋಗ್ರಾಂ ಅಲ್ಲ, ಅಂಗಡಿಯದು. ಆದರೆ ಈ ಭಾಗದಲ್ಲಿ ಮನೆಗೂ ಅಂಗಡಿಗೂ ಹೊಲಕ್ಕೂ ನಡುವೆ ಗೋಡೆ ತೆಳು. ಉಮರಗಾ, ಉದಗೀರದ ಎಷ್ಟೋ ಅಡತಿಯವರ ಮನೆಖರ್ಚು ಅಂಗಡಿಯ ಟ್ಯಾಲಿಯಲ್ಲೇ 'ಘರಖರ್ಚ' ಎಂಬ ಖಾತೆಯಾಗಿ ಕೂತಿರುತ್ತದೆ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ಸಿಗದೆ ಮಗ ಭರತನಿಂದ ಬರೆಸಿದ್ದು ಅದು. ಆಗ ಕಂಪನಿಯ ಹೆಸರು ಪ್ಯೂಟ್ರಾನಿಕ್ಸ್. ತಾಳೆ ನೋಡುವುದು, ತಾಳೆ ಬರುವುದು ಎಂದು ಹಿಂದಿನಿಂದ ಆಡುತ್ತ ಬಂದ ನಮ್ಮವರ ಕಿವಿಗೆ ಟ್ಯಾಲಿ ಎಂಬ ಹೆಸರು ಪರಕೀಯ ಅನಿಸಲೇ ಇಲ್ಲ. 2006ರಲ್ಲಿ ಟ್ಯಾಲಿ 9, 2009ರಲ್ಲಿ ಟ್ಯಾಲಿ ಇಆರ್‌ಪಿ 9, 2020ರ ನವೆಂಬರಿನಲ್ಲಿ ಟ್ಯಾಲಿಪ್ರೈಮ್. ಪ್ರತಿ ಸಲವೂ ಹಳೆಯ ಲೆಕ್ಕವನ್ನು ಹೊಸದಕ್ಕೆ ಒಯ್ಯುವ ಉಪಕರಣ ಕೊಟ್ಟರು, ಅದನ್ನು ಮೆಚ್ಚಬೇಕು. ಆದರೂ 7.2ರಲ್ಲೇ ಹತ್ತು ವರ್ಷ ನಿಂತ ಅಂಗಡಿಗಳನ್ನು ನಾನು ಕಂಡಿದ್ದೇನೆ. ಮುನೀಮನ ಬೆರಳು ಆ ಕೀಲಿಗಳಿಗೆ ಒಗ್ಗಿತ್ತು, ಪರದೆ ನೋಡದೆ ರಸೀದಿ ಹೊಡೆಯುತ್ತಿದ್ದ. ಅಂಥವನನ್ನು ಆಲಸಿ ಎನ್ನುವುದು ತಪ್ಪು. ಕೈಗೆ ಬಂದ ಕಸುಬನ್ನು ಕಾಪಾಡಿಕೊಳ್ಳುವುದು ಅವನ ಹಕ್ಕು.

ಅವರನ್ನು ಕೊನೆಗೆ ಅಲ್ಲಿಂದ ಎಬ್ಬಿಸಿದ್ದು ಕಾನೂನು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಹಳೆಯ ಆವೃತ್ತಿಯಲ್ಲಿ ಬಿಲ್ಲು ಮಾಡಲಾಗಲಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಿಕೊಂಡಿರಬೇಕು ಎಂಬ ನಿಯಮ ಜಾರಿಯಾಯಿತು. ಈ ನಿಯಮ ಓದಿದಾಗ ನನಗೆ ಅನಿಸಿದ್ದು: ಲೆಕ್ಕ ಬರೆದವನು ಒಂದು ಅಂಕಿ ಬದಲಿಸಿದರೆ ಯಾರು, ಯಾವಾಗ, ಏನು ಬದಲಿಸಿದರು ಎಂದು ದಾಖಲೆ ಇರಬೇಕು, ಸರಿ. ತಂತ್ರಾಂಶವೇ ಒಂದು ರಾತ್ರಿಯಲ್ಲಿ ಸಾವಿರ ನಮೂದುಗಳ ಖಾತೆ ಬದಲಿಸಿದರೆ ಅದರ ಜಾಡು ಯಾರ ಹತ್ತಿರ ಇರಬೇಕು? ಮನೆಯವರ ಲೆಕ್ಕದ ಬಗ್ಗೆ ಆ ಪ್ರಶ್ನೆಯನ್ನು ಯಾವ ನಿಯಮವೂ ಎತ್ತಿಲ್ಲ.

ಬ್ಯಾಂಕುಗಳು ಬದಲಾದಾಗಲೂ ನಮ್ಮ ಲೆಕ್ಕ ಅಲುಗುತ್ತದೆ. ಮರಾಠವಾಡದಲ್ಲಿ ನಮ್ಮ ತಲೆಮಾರಿಗೆ ಬ್ಯಾಂಕ್ ಎಂದರೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್. 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಎಂದು ಹುಟ್ಟಿದಾಗ ಅದೇ ಉಸ್ಮಾನಿಯಾ ಸಿಕ್ಕಾವನ್ನು ನೋಡಿಕೊಳ್ಳುವ ಹೊಣೆ ಅದರದಾಗಿತ್ತು. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಎಸ್‌ಬಿಎಚ್‌ವೈ ಎಂದು ಶುರುವಾಗುತ್ತಿದ್ದ ಐಎಫ್‌ಎಸ್‌ಸಿ ಸಂಕೇತಗಳು ಎಸ್‌ಬಿಐಎನ್ ಆದವು. ಗಡಿಯಾಚೆ ಕರ್ನಾಟಕದಲ್ಲಿ ಅದೇ ದಿನ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಹೆಸರು ಕಳೆದುಕೊಂಡವು. ಪಾಸ್‌ಬುಕ್ಕಿನಲ್ಲಿ ಇದು ಒಂದು ಮುದ್ರೆ ಬದಲಾದಷ್ಟೇ. ಬ್ಯಾಂಕಿನ ಹೆಸರು, ಸಂಕೇತ ನೋಡಿಯೇ ಖಾತೆ ಗುರುತಿಸುವ ಪ್ರೋಗ್ರಾಮಿಗೆ ಅದು ಹೊಸ ಖಾತೆ. ಹಳೆಯದು ಒಂದು ಮೊತ್ತದಲ್ಲಿ ನಿಂತುಬಿಡುತ್ತದೆ, ಹೊಸದು ಅದೇ ಮೊತ್ತದಿಂದ ಶುರುವಾಗುತ್ತದೆ, ಮನೆಯ ಒಟ್ಟು ಆಸ್ತಿಯಲ್ಲಿ ಒಂದೇ ದುಡ್ಡು ಎರಡು ಸಲ ಕಾಣಿಸುತ್ತದೆ.

ಬ್ಯಾಂಕಿನ ತಖ್ತೆಯನ್ನು ಒಳಗೆ ಎಳೆದುಕೊಳ್ಳುವಾಗ ನನಗೆ ಆದ ಇನ್ನೊಂದು ಅನಾಹುತವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದು ಅನೇಕರಿಗೆ ಆಗಿರುತ್ತದೆ, ಗೊತ್ತಾಗಿರುವುದಿಲ್ಲ. ಹೊಸ ಆವೃತ್ತಿ ತಾರೀಖನ್ನು ಅಮೆರಿಕದ ರೀತಿ, ತಿಂಗಳು ಮೊದಲು ದಿನ ಆಮೇಲೆ ಎಂದು ಓದಲು ಶುರುಮಾಡಿತ್ತು. ನವೆಂಬರ್ 5ಕ್ಕೆ ಸೋಯಾ ಮಾರಿದ ದುಡ್ಡು 05/11 ಎಂದು ಬಂದದ್ದನ್ನು ಅದು ಮೇ 11ಕ್ಕೆ ಹಾಕಿತು. 12ರ ಮೇಲಿನ ತಾರೀಖುಗಳನ್ನು ಹದಿಮೂರನೆಯ ತಿಂಗಳಿಲ್ಲ ಎಂದು ತಳ್ಳಿಹಾಕಿತು. ಲೆಕ್ಕ ಹಾಕಿ ನೋಡಿದೆ: ವರ್ಷದ 365 ದಿನಗಳಲ್ಲಿ 221 ದಿನಗಳ ನಮೂದು ಒಳಗೇ ಬರುವುದಿಲ್ಲ, 132 ದಿನಗಳದು ತಪ್ಪು ತಾರೀಖಿಗೆ ಹೋಗುತ್ತದೆ, ತಿಂಗಳೂ ದಿನವೂ ಒಂದೇ ಅಂಕಿಯಾಗುವ 12 ದಿನ ಮಾತ್ರ ಸರಿ. ಬಾರದೆ ಹೋದದ್ದು ಕಣ್ಣಿಗೆ ಬೀಳುತ್ತದೆ, ಅದರಿಂದ ಅಪಾಯವಿಲ್ಲ. ಬಂದು ತಪ್ಪು ಜಾಗದಲ್ಲಿ ಕೂತದ್ದೇ ಅಪಾಯ. ನನಗೆ ಗೊತ್ತಾದದ್ದು ಮೇ ತಿಂಗಳಲ್ಲಿ ಸೋಯಾ ಆದಾಯ ಕಂಡಾಗ. ಮೇನಲ್ಲಿ ನಮ್ಮ ಹೊಲ ಉತ್ತು ಬಿಸಿಲಿಗೆ ಬಿದ್ದಿರುತ್ತದೆ. ಸೋಯಾ ಬಿತ್ತುವುದೇ ಮಳೆ ಬಿದ್ದ ಮೇಲೆ. ಹೊಲದ ಕ್ರಮ ಗೊತ್ತಿಲ್ಲದವರ ಕೈಯಲ್ಲಿ ಆ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು.

ಇನ್ನು ದವಾಖಾನೆಯ ಖಾತೆಯಲ್ಲಿ ಕಂಡ ಆ ಖಾಲಿ ಚೌಕಗಳ ಕಥೆ. ನಾನು ಖಾತೆಗಳ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದೆ. ಮಹಾರಾಷ್ಟ್ರದಲ್ಲಿ ಶಾಲೆ ಓದಿ, ಮೊಂಢಾದಲ್ಲಿ ಮರಾಠಿ ಬರೆದು, ಬ್ಯಾಂಕಿನಲ್ಲಿ ಇಂಗ್ಲಿಷ್ ತುಂಬುವ ನಮಗೆ ಕನ್ನಡ ಉಳಿದಿರುವುದು ಮನೆಯೊಳಗೆ. ಹಾಗಿರುವಾಗ ಮನೆಯ ಲೆಕ್ಕ ಕನ್ನಡದಲ್ಲಿರಬೇಕು ಎಂಬುದು ನನ್ನ ಹಟ. ಆಗ ನಾನು ಬರೆದದ್ದು ನುಡಿಯಲ್ಲಿ. ಬೆಂಗಳೂರಿನ ಕನ್ನಡ ಗಣಕ ಪರಿಷತ್ತು ತಯಾರಿಸಿದ ನುಡಿ, ಶೇಷಾದ್ರಿವಾಸು ಅವರ ಬರಹ, ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಕಣ್ಣಿಗೆ 'ದವಾಖಾನೆ', ಕಂಪ್ಯೂಟರಿಗೆ ಅರ್ಥವಿಲ್ಲದ ಚಿಹ್ನೆಗಳ ಒಂದು ಸಾಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸಂಕೇತ 1991ರಿಂದಲೇ ಇತ್ತು, ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟಿನೊಡನೆ ಬಂತು. ಆದರೂ ಕಚೇರಿ, ಮುದ್ರಣಾಲಯ, ಮನೆಗಳಲ್ಲಿ ಹಳೆಯ ಫಾಂಟು ಬಹಳ ವರ್ಷ ನಡೆಯಿತು. ಹೊಸ ಆವೃತ್ತಿ ಯೂನಿಕೋಡ್ ಮಾತ್ರ ಒಪ್ಪುತ್ತಿತ್ತು. ಗುರುತಿಸಲಾಗದ ಹೆಸರಿನ ಖಾತೆಗಳ ನಮೂದನ್ನೆಲ್ಲ ಎತ್ತಿ 'ಇತರೆ'ಗೆ ಸುರಿದಿತ್ತು. ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದ ಎರಡು ಖಾತೆ, ಪೆಟ್ರೋಲ್ ಮತ್ತು ಮೊಬೈಲ್, ಏನೂ ಆಗದೆ ದಾಟಿದವು. ಸಣ್ಣ ಭಾಷೆಯ ಹೆಸರಿಟ್ಟವರಿಗೆ ಮಾತ್ರ ಈ ನಷ್ಟ ಆಗಬಾರದಿತ್ತು. ಈ ನೋವು ನನಗೆ ಹಣದ ನೋವಿಗಿಂತ ಹೆಚ್ಚಿನದು.

ಮೊಬೈಲಿನ ಕಾಲ ಇದನ್ನು ಸರಿಮಾಡಿದೆಯೇ? ಭಾಷೆಯ ಮಟ್ಟಿಗೆ ಹೌದು. ಬೆಂಗಳೂರಿನದೇ ಆದ ಖಾತಾಬುಕ್, ಓಕೆಕ್ರೆಡಿಟ್‌ನಂಥ ಉದ್ರಿ ಲೆಕ್ಕದ ಆ್ಯಪ್‌ಗಳು ನಮ್ಮ ಭಾಷೆಗಳಲ್ಲಿ ಬಂದವು, ಕಿರಾಣಿ ಅಂಗಡಿಯವರು ಸಲೀಸಾಗಿ ಬಳಸುತ್ತಾರೆ. ಮನೆಖರ್ಚಿಗೆ ಬ್ಯಾಂಕಿನ ಎಸ್‌ಎಂಎಸ್ ಓದಿ ತಾವೇ ಲೆಕ್ಕ ಹಾಕುವ ಆ್ಯಪ್‌ಗಳು ಬಂದವು. ಗೂಗಲ್ 2018ರ ಕೊನೆಗೆ ಎಸ್‌ಎಂಎಸ್ ಓದುವ ಅನುಮತಿಯನ್ನು ಬಿಗಿಗೊಳಿಸಿ 2019ರಲ್ಲಿ ಜಾರಿಗೆ ತಂದಾಗ ಇಂಥವಕ್ಕೆ ಪ್ರತ್ಯೇಕ ವಿನಾಯಿತಿ ಬೇಕಾಯಿತು. ಒಬ್ಬರ ಲೆಕ್ಕ ಇನ್ನೊಬ್ಬರ ನೀತಿಯ ಮೇಲೆ ನಿಂತಾಗ ಆಗುವುದೇ ಇದು. 2021ರ ಸೆಪ್ಟೆಂಬರಿನಲ್ಲಿ ಶುರುವಾದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದಕ್ಕಿಂತ ಸ್ವಚ್ಛ ದಾರಿ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಂಸ್ಥೆಯ ಮೂಲಕ, ನಮ್ಮ ಒಪ್ಪಿಗೆಯಿಂದ, ನಿಗದಿತ ಅವಧಿಗೆ ಮಾಹಿತಿ ಹೋಗುತ್ತದೆ. ಆದರೆ ಅದು ತರುವುದು ಬ್ಯಾಂಕಿನಲ್ಲಿ ಇರುವುದನ್ನು. ಕೂಲಿಯವರಿಗೆ ಕೊಟ್ಟ ನಗದು, ತಂಗಿಗೆ ಕೈಗಡ ಕೊಟ್ಟದ್ದು, ಎತ್ತಿನ ವ್ಯವಹಾರ ಇವೆಲ್ಲ ಬ್ಯಾಂಕಿಗೆ ಗೊತ್ತಿಲ್ಲ. ಕೈಯಿಂದ ಬರೆದದ್ದು ಕಳೆದರೆ ಯಾವ ವ್ಯವಸ್ಥೆಯೂ ಅದನ್ನು ಮರಳಿ ತರುವುದಿಲ್ಲ.

ಊರಿನ ಸೊಸಾಯಿಟಿಗಳಿಗೂ ಈಗ ಇದೇ ಸರದಿ. 2022ರ ಜೂನಿನಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ನಬಾರ್ಡ್ ಅದನ್ನು ನಡೆಸುತ್ತಿದೆ. ಕೆಲಸ ಒಳ್ಳೆಯದು, ಮಾಡಲೇಬೇಕಾದದ್ದು. ಪೀಕಸಾಲದ ಹಳೆಯ ಬಾಕಿ, ಬಡ್ಡಿ, ಕಟ್ಟಿದ ರಸೀದಿ ಎಲ್ಲ ವಹಿಯಿಂದ ಪರದೆಗೆ ಹೋಗುವಾಗ ರೈತನನ್ನು ಕರೆದು, ಎದುರಿಗೆ ಕೂರಿಸಿ, ಇಗೋ ನಿನ್ನ ಹಳೆಯ ಅಂಕಿ, ಇಗೋ ಹೊಸದು ಎಂದು ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ನಮ್ಮಜ್ಜ ತಮ್ಮ ಒಬ್ಬರ ವಹಿಗೆ ಮಾಡಿದ್ದು ಅದೇ.

ಹಾಗಾದರೆ ಯಾವುದನ್ನು ಬಳಸಬೇಕು ಎಂದು ಕೇಳುವವರಿಗೆ ನನ್ನ ಮಾತು ನೇರ. ಎಷ್ಟು ಸೌಕರ್ಯವಿದೆ ಎಂದು ಆಮೇಲೆ ನೋಡಿ, ಹೊರಗೆ ಬರುವ ಬಾಗಿಲು ಇದೆಯೇ ಎಂದು ಮೊದಲು ನೋಡಿ. ಎಲ್ಲ ವರ್ಷಗಳ ಎಲ್ಲ ನಮೂದುಗಳೂ, ಖಾತೆಯ ಹೆಸರಿನ ಸಮೇತ, ಇನ್ನೊಂದು ಪ್ರೋಗ್ರಾಂ ಓದಬಲ್ಲ ಸಾದಾ ಕಡತವಾಗಿ ಒಂದು ಗುಂಡಿ ಒತ್ತಿದರೆ ಹೊರಬರಬೇಕು. ಅದಿಲ್ಲದ್ದು ಪುಕ್ಕಟೆ ಸಿಕ್ಕರೂ ಬೇಡ. 1998ರಲ್ಲಿ ಮೊದಲ ಆವೃತ್ತಿ ಕಂಡ ಗ್ನುಕ್ಯಾಶ್ ಎಂಬ ಮುಕ್ತ ತಂತ್ರಾಂಶದ ಕಡತದ ಒಳಗನ್ನು ಯಾರಾದರೂ ಬಿಚ್ಚಿ ಓದಬಹುದು. ಅದರಲ್ಲೂ ಬಹಳ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಹಾರದೆ, ನಡುವಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕು. ಅದು ನಿಧಾನ, ನೋಡಲು ಅಂದವೂ ಕಡಿಮೆ, ನಮ್ಮ ಬ್ಯಾಂಕುಗಳ ಜೊತೆ ತಾನಾಗಿ ಮಾತಾಡುವುದಿಲ್ಲ. ನಾನು ಈಗ ಅದನ್ನೇ ಬಳಸುತ್ತೇನೆ.

'ಇತರೆ'ಯಲ್ಲಿ ಬಿದ್ದಿದ್ದ ನಮೂದುಗಳನ್ನು ಒಂದೊಂದಾಗಿ ಎತ್ತಿ ಅದರದರ ಖಾತೆಗೆ ಹಾಕಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಔಷಧದ ಚೀಟಿಗಳ ಕಟ್ಟನ್ನು ಅವ್ವ ಟ್ರಂಕಿನಿಂದ ತೆಗೆದುಕೊಟ್ಟರು, ಅದಿಲ್ಲದಿದ್ದರೆ ಆಗುತ್ತಿರಲಿಲ್ಲ. ಕಳೆದ ದೀವಳಿಗೆ ಪಾಡ್ಯಕ್ಕೆ ವಹಿಪೂಜೆಯ ಹೊತ್ತಿಗೆ ಒಂದು ಹೊಸ ವಹಿ ತಂದು, ಮೊದಲ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿದೆ. ಎಡಕ್ಕೆ ಹಳೆಯ ಪ್ರೋಗ್ರಾಂ ತೋರಿಸುತ್ತಿದ್ದ ಶಿಲ್ಕು, ಬಲಕ್ಕೆ ಹೊಸದರ ಶಿಲ್ಕು, ಖಾತೆಖಾತೆಗೂ ಬರೆದೆ. ಎಲ್ಲವೂ ತಾಳೆ ಬಂದವು, ದವಾಖಾನೆಯ ಖಾತೆಯೊಂದನ್ನು ಬಿಟ್ಟು. ಅದರಲ್ಲಿ 340 ರೂಪಾಯಿ ಕಡಿಮೆ ಬರುತ್ತಿದೆ. ಸೋಲಾಪುರದಿಂದ ಬಂದ ಕೊನೆಯ ಗಾಡಿಯ ಬಾಡಿಗೆ ಇರಬಹುದು ಎನ್ನುತ್ತಾರೆ ಅವ್ವ. ಚೀಟಿ ಸಿಕ್ಕಿಲ್ಲ, ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.